ಸುಸ್ತೋ, ನಿದ್ದೆಯೋ? ನಿದ್ದೆ ಬಾರದವರ ಹಗಲನ್ನು ಅಳೆಯುವಾಗ ಎಲ್ಲಿ ತಪ್ಪುತ್ತದೆ

ನಮ್ಮ ಅಕ್ಕನಿಗೆ ನಿದ್ದೆ ಬರುವುದಿಲ್ಲ. ರಾತ್ರಿ ಹತ್ತಕ್ಕೆ ಮಲಗಿದರೆ ಹನ್ನೆರಡರವರೆಗೂ ಹೊರಳಾಟ. ಬೆಳಗಿನ ಜಾವ ಮೂರಕ್ಕೆ ಮತ್ತೆ ಎಚ್ಚರ. ಹೋದ ವರ್ಷ ಒಂದು ಕ್ಲಿನಿಕ್ಕಿನಲ್ಲಿ ಅವಳ ಕೈಗೆ ಎಂಟು ಪ್ರಶ್ನೆಗಳ ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲಿದ್ದ ಹುಡುಗಿ "ಯಾವಾಗ ಎಷ್ಟು ಸುಸ್ತಾಗುತ್ತೆ ಹೇಳಿ ಆಂಟಿ, ಸೊನ್ನೆಯಿಂದ ಮೂರರವರೆಗೆ" ಅಂದಳು. ಅಕ್ಕ ಏಳು ಪ್ರಶ್ನೆಗೆ ಎರಡು, ಒಂದಕ್ಕೆ ಮೂರು ಅಂತ ಹೇಳಿದಳು. ಒಟ್ಟು 17. "ಹಗಲು ವಿಪರೀತ ನಿದ್ದೆ" ಅಂತ ಚೀಟಿಯಲ್ಲಿ ಬರೆದರು. ಹಗಲಲ್ಲಿ ಒಂದು ನಿಮಿಷ ಕಣ್ಣು ಹತ್ತಿದರೆ ಸಾಕು ಅಂತ ಒದ್ದಾಡುವವಳಿಗೆ ಈ ಚೀಟಿ.

ಹಾಳೆಯಲ್ಲಿ ತಪ್ಪಿರಲಿಲ್ಲ. ಕೇಳಿದ ಪ್ರಶ್ನೆಯಲ್ಲಿ ತಪ್ಪಿತ್ತು. ಹಾಳೆ ಕೇಳಿದ್ದು ತೂಕಡಿಕೆಯನ್ನು, ಹುಡುಗಿ ಕೇಳಿದ್ದು ಸುಸ್ತನ್ನು. ಈ ಒಂದು ಪದದ ಅದಲುಬದಲಿನಿಂದ ಎಷ್ಟು ಜನ ಸಲ್ಲದ ಚಿಕಿತ್ಸೆಯ ಹಿಂದೆ ಅಲೆಯುತ್ತಾರೋ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ನಿದ್ದೆ ಬಾರದವರಿದ್ದರೆ, ಡಾಕ್ಟರ ಹತ್ತಿರ ಹೋಗುವ ಮುಂಚೆ ಅವರ ಹಗಲನ್ನು ಸರಿಯಾಗಿ ಅಳೆದುಕೊಂಡು ಹೋಗಿ.

ಮೊದಲು ಎರಡನ್ನು ಬೇರೆ ಮಾಡಿ

ಕನ್ನಡದಲ್ಲಿ ನಮಗೆ ಪದಗಳಿಗೆ ಬರವಿಲ್ಲ. ತೂಕಡಿಕೆ, ಜೋಂಪು, ಮಂಪರು, ಇವೆಲ್ಲ ನಿದ್ದೆಯ ಕಡೆಯವು. ಸುಸ್ತು, ದಣಿವು, ಆಯಾಸ, ಇವು ಶಕ್ತಿ ಬತ್ತಿದ್ದರ ಕಡೆಯವು. ಆದರೆ ಬಾಯಿಗೆ ಮೊದಲು ಬರುವುದು ಸುಸ್ತು. ಜ್ವರ ಬಂದವರೂ ಸುಸ್ತು ಅನ್ನುತ್ತಾರೆ, ರಕ್ತ ಕಡಿಮೆ ಇರುವವರೂ ಸುಸ್ತು ಅನ್ನುತ್ತಾರೆ, ಬೇಸರವಾದವರೂ ಅದೇ.

ಹಾಗಾಗಿ ಒಂದೇ ಪ್ರಶ್ನೆ ಕೇಳಿ. "ಈಗ ಹಾಸಿಗೆ ಹಾಸಿ, ಕತ್ತಲು ಮಾಡಿ, ಒಂದು ಗಂಟೆ ಯಾರೂ ಕರೆಯಲ್ಲ ಅಂದರೆ ನಿದ್ದೆ ಬಂದುಬಿಡುತ್ತಾ?" ಬರುತ್ತೆ ಅಂದರೆ ಅದು ನಿದ್ದೆಯ ಒತ್ತಡ. "ಮಲಗ್ತೀನಿ, ಆದರೆ ನಿದ್ದೆ ಹತ್ತಲ್ಲ, ಸುಮ್ನೆ ಸೂರು ನೋಡ್ತಾ ಇರ್ತೀನಿ" ಅಂದರೆ ಅದು ಸುಸ್ತು. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ ಅನ್ನುವ ಗಾದೆ ಇದೆಯಲ್ಲ, ಅದು ಮೊದಲನೆಯವರಿಗೆ ಸಲ್ಲುತ್ತದೆ. ನಿದ್ದೆ ಬಾರದ ರೋಗದವರಿಗೆ ಎಂಥ ಹಾಸಿಗೆ ಹಾಸಿದರೂ ಅಷ್ಟೆ.

ಯಾಕೆ ಹೀಗೆ? ರಾತ್ರಿ ಕಡಿಮೆ ಮಲಗಿದರೆ ಹಗಲು ನಿದ್ದೆ ಬರಬೇಕು ತಾನೆ? ಆರೋಗ್ಯವಂತರಿಗೆ ಬರುತ್ತದೆ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರಿಕೊಳ್ಳುತ್ತಾ ಹೋಗಿ ಕಣ್ಣು ಎಳೆಯುತ್ತದೆ. ಆದರೆ ಇನ್ಸೋಮ್ನಿಯಾ, ಅಂದರೆ ನಿದ್ದೆ ಬಾರದ ರೋಗ, ಇರುವವರಲ್ಲಿ ಎಚ್ಚರದ ವ್ಯವಸ್ಥೆಯೇ ಇಪ್ಪತ್ನಾಲ್ಕು ಗಂಟೆಯೂ ಜೋರಾಗಿ ಓಡುತ್ತಿರುತ್ತದೆ. ಮನಸ್ಸು, ಮೈ ಎರಡೂ ಕಾವಲು ಕೂತಿರುತ್ತವೆ. ಒಳಗೆ ನಿದ್ದೆಯ ಒತ್ತಡ ಇದ್ದರೂ ಈ ಕಾವಲು ಅದನ್ನು ಒಳಗೆ ಬಿಡುವುದಿಲ್ಲ. ಮೈ ಸೋತಿರುತ್ತದೆ, ಕಣ್ಣು ಉರಿಯುತ್ತದೆ, ಹೇಳಿದ್ದು ನೆನಪಿರುವುದಿಲ್ಲ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ನಿದ್ದೆ ಮಾತ್ರ ಬರುವುದಿಲ್ಲ.

ಇದು ಬರೀ ಮಾತಲ್ಲ, ಪ್ರಯೋಗಾಲಯದಲ್ಲಿ ಕಂಡದ್ದು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೇರಿ ಕಾರ್ಸ್ಕಡನ್ ಮತ್ತು ವಿಲಿಯಂ ಡಿಮೆಂಟ್ ಒಂದು ಪರೀಕ್ಷೆ ಕಟ್ಟಿದರು. ಮಲ್ಟಿಪಲ್ ಸ್ಲೀಪ್ ಲೇಟೆನ್ಸಿ ಟೆಸ್ಟ್ ಅಂತ ಹೆಸರು. ಹಗಲು ಎರಡೆರಡು ಗಂಟೆಗೊಮ್ಮೆ ಕತ್ತಲ ಕೋಣೆಯಲ್ಲಿ ಮಲಗಿಸುತ್ತಾರೆ, ನಾಲ್ಕೈದು ಸಲ. ತಲೆಗೆ ತಂತಿ ಅಂಟಿಸಿ ಎಷ್ಟು ನಿಮಿಷಕ್ಕೆ ನಿದ್ದೆ ಹತ್ತಿತು ನೋಡುತ್ತಾರೆ. 20 ನಿಮಿಷದಲ್ಲಿ ಹತ್ತದಿದ್ದರೆ ಎಬ್ಬಿಸಿಬಿಡುತ್ತಾರೆ. ಸರಾಸರಿ 8 ನಿಮಿಷ ಅಥವಾ ಅದಕ್ಕಿಂತ ಬೇಗ ನಿದ್ದೆ ಹತ್ತಿದರೆ ಹಗಲುನಿದ್ದೆ ಜಾಸ್ತಿ ಅಂತ ಲೆಕ್ಕ. ರಾತ್ರಿಯೆಲ್ಲ ಒದ್ದಾಡಿ ಬಂದ ಇನ್ಸೋಮ್ನಿಯಾದವರು ಇಲ್ಲಿ ಬೇಗ ಮಲಗಬೇಕಿತ್ತು. ಬಹಳ ಅಧ್ಯಯನಗಳಲ್ಲಿ ಅವರು ಚೆನ್ನಾಗಿ ನಿದ್ದೆ ಮಾಡಿದವರಷ್ಟೇ ಹೊತ್ತು, ಕೆಲವೊಮ್ಮೆ ಅವರಿಗಿಂತಲೂ ಜಾಸ್ತಿ ಹೊತ್ತು ಎಚ್ಚರವಾಗಿದ್ದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರಲ್ಲ, ಇವರಿಗೆ ಕತ್ತಲ ಕೋಣೆಯಲ್ಲೂ ಇಲ್ಲ.

ಮನೆಯಲ್ಲೇ ನೋಡಬಹುದಾದ ಚಮಚದ ಪರೀಕ್ಷೆ

ಆ ತಂತಿಗಳೆಲ್ಲ ಮನೆಯಲ್ಲಿ ಇರುವುದಿಲ್ಲ. ಸ್ಟೀಲ್ ತಟ್ಟೆ, ಚಮಚ ಇರುತ್ತವೆ.

ಮಧ್ಯಾಹ್ನ ಎರಡರ ಸುಮಾರಿಗೆ ಮಂಚದ ಪಕ್ಕ ನೆಲದ ಮೇಲೆ ತಟ್ಟೆ ಇಡಿ. ಮಲಗಿದವರು ಚಮಚ ಹಿಡಿದ ಕೈಯನ್ನು ಮಂಚದ ಅಂಚಿನಿಂದ ಆಚೆ, ತಟ್ಟೆಯ ನೇರಕ್ಕೆ ಇಳಿಬಿಡಲಿ. ಹೊತ್ತು ನೋಡಿಕೊಂಡು ಕಣ್ಣು ಮುಚ್ಚಲಿ. ನಿದ್ದೆ ಹತ್ತುವಾಗ ಬೆರಳು ಸಡಿಲವಾಗಿ ಚಮಚ ತಟ್ಟೆಗೆ ಬೀಳುತ್ತದೆ. ಸದ್ದಿಗೆ ಎಚ್ಚರವಾಗುತ್ತದೆ, ಆಗ ಮತ್ತೆ ಗಡಿಯಾರ ನೋಡಬೇಕು. ಆ ದಿನ ಬೆಳಗಿನ ತಿಂಡಿಯ ನಂತರ ಕಾಫಿ, ಟೀ ಬೇಡ. ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು.

ಅಕ್ಕ ಮಲಗಿದಳು. ಐದು ನಿಮಿಷ ಆಯಿತು, ಹತ್ತಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೆಬ್ಬೆರಳು, ತೋರುಬೆರಳು ಚಮಚವನ್ನು ಹಾಗೇ ಒತ್ತಿ ಹಿಡಿದಿದ್ದವು, ಉಗುರಿನ ತುದಿ ಬೆಳ್ಳಗಾಗಿತ್ತು. ಇಪ್ಪತ್ತಾದ ಮೇಲೆ "ಸಾಕು ಬಿಡು, ಕೈ ಜೋಮು ಹಿಡೀತು" ಅಂತ ತಾನೇ ಎದ್ದಳು. ಆಮೇಲೆ ಭಾವ "ಎಲ್ಲಿ, ನನಗೂ ಕೊಡಮ್ಮ, ನೋಡೋಣ" ಅಂದರು. ಅವರೂ ಆಗಾಗ ಸುಸ್ತು ಅನ್ನುತ್ತಿದ್ದವರೇ. ನಾಲ್ಕನೇ ನಿಮಿಷಕ್ಕೆ ತಟ್ಟೆ ಠಣ್ ಅಂತು. ಭಾವನಿಗೆ ಆ ಸದ್ದಿಗೂ ಎಚ್ಚರವಾಗಲಿಲ್ಲ.

ಒಂದೇ ಮನೆ, ಒಂದೇ ಪದ, ಎರಡು ಬೇರೆ ದೋಷ. ಅಕ್ಕನದು ಎಚ್ಚರ ಜಾಸ್ತಿಯಾದ ದೋಷ. ಭಾವನದು ರಾತ್ರಿಯ ನಿದ್ದೆ ಒಳಗೇ ಹಾಳಾಗುತ್ತಿರುವ ದೋಷ.

ಈ ಪರೀಕ್ಷೆ ಒಂದು ಸುಳಿವು ಮಾತ್ರ, ರೋಗ ನಿರ್ಣಯ ಅಲ್ಲ. ಒಂದೇ ದಿನ ನೋಡಿ ತೀರ್ಮಾನಿಸಬೇಡಿ. ಮೂರು ಬೇರೆ ಬೇರೆ ದಿನ ನೋಡಿ ಬರೆದಿಡಿ.

ಯಾವ ಅಳತೆ ಏನನ್ನು ಅಳೆಯುತ್ತದೆ

ತೂಕಡಿಕೆಗೆ ಎಲ್ಲ ಕಡೆ ಬಳಸುವುದು, ಕ್ಲಿನಿಕ್ಕಿನಲ್ಲಿ ಅಕ್ಕನ ಕೈಗೆ ಕೊಟ್ಟದ್ದೂ, ಎಪ್‌ವರ್ತ್ ಸ್ಲೀಪಿನೆಸ್ ಸ್ಕೇಲ್. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಎಪ್‌ವರ್ತ್ ಅನ್ನುವ ಆಸ್ಪತ್ರೆ ಇದೆ. ಅಲ್ಲಿ ಕೆಲಸ ಮಾಡುತ್ತಿದ್ದ ಮರ್ರೆ ಜಾನ್ಸ್ 1991ರಲ್ಲಿ ಇದನ್ನು ಪ್ರಕಟಿಸಿದರು. ಎಂಟು ಸಂದರ್ಭ ಕೊಟ್ಟು, ಪ್ರತಿಯೊಂದರಲ್ಲೂ ತೂಕಡಿಸುವ ಸಾಧ್ಯತೆ ಎಷ್ಟು ಅಂತ ಕೇಳುತ್ತದೆ. ಕೂತು ಓದುವಾಗ, ಟಿವಿ ನೋಡುವಾಗ, ಸಭೆಯಲ್ಲೋ ಥಿಯೇಟರಿನಲ್ಲೋ ಸುಮ್ಮನೆ ಕೂತಾಗ, ಒಂದು ಗಂಟೆ ಕಾರಿನಲ್ಲಿ ಪ್ರಯಾಣಿಕರಾಗಿ ಹೋಗುವಾಗ, ಮಧ್ಯಾಹ್ನ ವಿರಾಮಕ್ಕೆ ಮಲಗಿದಾಗ, ಯಾರ ಹತ್ತಿರವಾದರೂ ಕೂತು ಮಾತಾಡುವಾಗ, ಮದ್ಯ ಕುಡಿಯದೆ ಮಧ್ಯಾಹ್ನದ ಊಟ ಮಾಡಿ ಸುಮ್ಮನೆ ಕೂತಾಗ, ಟ್ರಾಫಿಕ್‌ನಲ್ಲಿ ಗಾಡಿ ಕೆಲವು ನಿಮಿಷ ನಿಂತಾಗ. ಇಲ್ಲವೇ ಇಲ್ಲ ಅಂದರೆ 0, ತುಂಬಾ ಅಂದರೆ 3. ಒಟ್ಟು 24. ಹತ್ತರವರೆಗೆ ಸಾಮಾನ್ಯ, ಅದರ ಮೇಲೆ ಹೋದರೆ ಹುಡುಕಾಟ ಶುರುವಾಗಬೇಕು.

ಸುಸ್ತಿಗೆ ಫಟೀಗ್ ಸಿವಿಯಾರಿಟಿ ಸ್ಕೇಲ್. 1989ರದು. ಮೊದಲು ಮಲ್ಟಿಪಲ್ ಸ್ಕ್ಲೆರೋಸಿಸ್, ಲೂಪಸ್ ರೋಗಿಗಳಿಗಾಗಿ ಮಾಡಿದ್ದು. ಒಂಬತ್ತು ವಾಕ್ಯಗಳಿವೆ, ಪ್ರತಿಯೊಂದಕ್ಕೂ ಎಷ್ಟು ಒಪ್ಪುತ್ತೀರಿ ಅಂತ 1ರಿಂದ 7ರವರೆಗೆ ಅಂಕ. ಒಟ್ಟನ್ನು ಒಂಬತ್ತರಿಂದ ಭಾಗಿಸಿ. 4 ಅಥವಾ ಅದಕ್ಕಿಂತ ಮೇಲೆ ಬಂದರೆ ಸುಸ್ತು ಗಂಭೀರ ಅಂತ ಸಾಮಾನ್ಯ ಲೆಕ್ಕ. ನಿದ್ದೆ ಬಾರದವರನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಫ್ಲಿಂಡರ್ಸ್ ಫಟೀಗ್ ಸ್ಕೇಲ್ ಕೂಡ ಇದೆ, ಅದೂ ಆಸ್ಟ್ರೇಲಿಯಾದ್ದೇ, ಏಳು ಪ್ರಶ್ನೆಗಳದು. ಸಿಕ್ಕರೆ ಅದನ್ನೇ ಬಳಸಿ ಅಂತ ನನ್ನ ಸಲಹೆ.

ರಾತ್ರಿಯ ತೊಂದರೆ ಎಷ್ಟು ಅನ್ನುವುದಕ್ಕೆ ಕೆನಡಾದ ಚಾರ್ಲ್ಸ್ ಮೋರಿನ್ ಅವರ ಇನ್ಸೋಮ್ನಿಯಾ ಸಿವಿಯಾರಿಟಿ ಇಂಡೆಕ್ಸ್. ಏಳು ಪ್ರಶ್ನೆ, 28 ಅಂಕ. 15ರಿಂದ 21 ಮಧ್ಯಮ, 22ರಿಂದ ಮೇಲೆ ತೀವ್ರ.

ಇನ್ನೊಂದು, ಕ್ಯಾರೊಲಿನ್ಸ್ಕಾ ಸ್ಲೀಪಿನೆಸ್ ಸ್ಕೇಲ್, ಸ್ವೀಡನ್ನಿನದು. ಇದು ಈ ಗಳಿಗೆಯ ಅಳತೆ. ಕಳೆದ ಐದು ನಿಮಿಷದಲ್ಲಿ ಹೇಗಿದ್ದಿರಿ? ಪೂರ್ತಿ ಚುರುಕು ಅಂದರೆ 1, ಕಣ್ಣು ತೆರೆದಿಡಲು ಹೋರಾಡುತ್ತಿದ್ದೇನೆ ಅಂದರೆ 9. ಎರಡು ಗಂಟೆಗೊಮ್ಮೆ ಬರೆದರೆ ದಿನದ ಏರಿಳಿತ ಕಾಣುತ್ತದೆ.

ಅಂಕ ಎಲ್ಲಿ ಕೆಡುತ್ತದೆ

ಅಕ್ಕನಿಗೆ ಎಪ್‌ವರ್ತ್ ಹಾಳೆಯನ್ನು ನಾನೇ ಮತ್ತೆ ಕೇಳಿದೆ. ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು.

"ಅಕ್ಕ, ಟಿವಿ ನೋಡ್ತಾ ಕೂತಾಗ ತಲೆ ವಾಲುತ್ತಾ?"

"ವಾಲೋದೆಲ್ಲಿ ಬಂತು ಕಣೇ, ಕಣ್ಣು ಉರಿಯುತ್ತೆ ಅಷ್ಟೆ. ನಿಮ್ಮ ಭಾವ ಮಾತ್ರ ವಾರ್ತೆ ಮುಗಿಯೋದ್ರೊಳಗೆ ಗೊರಕೆ ಶುರು ಮಾಡ್ತಾರೆ."

ಟಿವಿಗೆ ಒಂದು, ಓದುವಾಗ ಒಂದು, ಪ್ರಯಾಣಕ್ಕೆ ಒಂದು, ಮಧ್ಯಾಹ್ನ ಮಲಗಿದಾಗ ಒಂದು. ಉಳಿದ ನಾಲ್ಕಕ್ಕೂ ಸೊನ್ನೆ. ಒಟ್ಟು 4. ಅದೇ ಹಾಳೆ, ಅದೇ ಮನುಷ್ಯಳು. 17 ಎಲ್ಲಿ, 4 ಎಲ್ಲಿ. ಸುಸ್ತಿನ ಹಾಳೆಯಲ್ಲಿ ಒಂಬತ್ತು ವಾಕ್ಯಕ್ಕೆ 49 ಬಂತು, ಭಾಗಿಸಿದರೆ 5.4. ಅವಳು ಹೇಳುತ್ತಿದ್ದ ಸುಸ್ತು ನಿಜವೇ ಇತ್ತು. ಅದನ್ನು ಸಲ್ಲದ ಹಾಳೆಯ ಮೇಲೆ ಬರೆದಿದ್ದರು.

ಪದದ ತಪ್ಪು ಎಲ್ಲಕ್ಕಿಂತ ದೊಡ್ಡದು. ಅದರ ನಂತರದ್ದು, ಸುಮ್ಮನೆ ಕೂರದವರ ಸಮಸ್ಯೆ. ಬೆಳಗ್ಗೆ ಐದರಿಂದ ರಾತ್ರಿಯವರೆಗೂ ನಿಂತೇ ಕೆಲಸ ಮಾಡುವ ಹೆಂಗಸರನ್ನು ಕೇಳಿ ನೋಡಿ. "ನಾನು ಕೂತು ಓದೋದೆಲ್ಲಿ, ಮಧ್ಯಾಹ್ನ ಮಲಗೋದೆಲ್ಲಿ" ಅಂತ ಎಲ್ಲದಕ್ಕೂ ಸೊನ್ನೆ ಹಾಕುತ್ತಾರೆ. ನಿದ್ದೆ ಬರದೆ ಬಂದ ಸೊನ್ನೆ ಅಲ್ಲ ಅದು, ಕೂರಲು ಬಿಡುವಿಲ್ಲದೆ ಬಂದ ಸೊನ್ನೆ. ಇತ್ತೀಚೆಗೆ ಹಾಗೆ ಕೂತಿಲ್ಲದಿದ್ದರೂ, ಕೂತರೆ ಏನಾಗಬಹುದು ಅಂತ ಊಹಿಸಿ ಹೇಳಿ ಅಂತ ಹಾಳೆಯೇ ಸೂಚಿಸುತ್ತದೆ. ಆ ಸಾಲನ್ನು ಓದಿ ಹೇಳುವವರು ಕಡಿಮೆ. ಕಾರಿನಲ್ಲಿ ಹೋಗದವರಿಗೆ ಬಸ್ಸಿನ ಉದಾಹರಣೆ ಕೊಟ್ಟು ಅರ್ಥ ಮಾಡಿಸಬಹುದು. ಆದರೆ ರಾತ್ರಿ ಬಸ್ಸನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಗಲಿನ ಒಂದು ಗಂಟೆಯ ಪ್ರಯಾಣ ಮಾತ್ರ. ಹಾಗೆ ಬದಲಿಸಿ ಕೇಳಿದ್ದರೆ ಹಾಳೆಯ ಪಕ್ಕದಲ್ಲಿ ಬರೆದಿಡಿ.

ಮೂರನೆಯದು, ತಮ್ಮ ತೂಕಡಿಕೆ ತಮಗೇ ಗೊತ್ತಿಲ್ಲದವರು. ಭಾವ ತಾವೇ ತುಂಬಿದಾಗ 6 ಬಂತು. ಅದೇ ಹಾಳೆಯನ್ನು ಅವರ ಬಗ್ಗೆ ಅಕ್ಕ ತುಂಬಿದಾಗ 14. ವರ್ಷಗಟ್ಟಲೆ ತೂಕಡಿಸುತ್ತಾ ಬಂದವರಿಗೆ ಅದೇ ಮಾಮೂಲು ಅನ್ನಿಸಿಬಿಟ್ಟಿರುತ್ತದೆ. ಜೊತೆಯಲ್ಲಿ ಮಲಗುವವರು ಒಂದು ಹಾಳೆ ಬೇರೆಯಾಗಿ ತುಂಬಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಕಾಲದ ಅವಧಿಯೂ ಎಡವಿಸುತ್ತದೆ. ಫಟೀಗ್ ಸಿವಿಯಾರಿಟಿ ಕೇಳುವುದು ಕಳೆದ ಒಂದು ವಾರದ್ದು. ಇನ್ಸೋಮ್ನಿಯಾ ಇಂಡೆಕ್ಸ್ ಎರಡು ವಾರದ್ದು. ಕ್ಯಾರೊಲಿನ್ಸ್ಕಾ ಐದು ನಿಮಿಷದ್ದು. ಮದುವೆ ಮನೆಯ ಓಡಾಟ ಮುಗಿಸಿದ ಮಾರನೇ ದಿನ ತುಂಬಿಸಿದರೆ ಎಲ್ಲವೂ ಏರಿಯೇ ಇರುತ್ತದೆ. ಮಾಮೂಲಿ ವಾರ ಆರಿಸಿ.

ಕೈಗೆ ಕಟ್ಟುವ ಸ್ಮಾರ್ಟ್‌ವಾಚನ್ನು ಇಲ್ಲಿ ನಂಬಬೇಡಿ. ಅದು ಕೈಯ ಅಲುಗಾಟ, ನಾಡಿ ಬಡಿತ ಇಂಥವನ್ನು ನೋಡಿ ನಿದ್ದೆಯನ್ನು ಊಹಿಸುತ್ತದೆ. ಅಲುಗಾಡದೆ ಸೂರು ನೋಡುತ್ತಾ ಮಲಗಿದ ಎರಡು ಗಂಟೆಯನ್ನೂ ನಿದ್ದೆಗೇ ಸೇರಿಸಿಬಿಡಬಹುದು. "ವಾಚು ಏಳು ಗಂಟೆ ನಿದ್ದೆ ಅಂತಿದೆ, ನಿನಗೆಂಥ ತೊಂದರೆ" ಅಂತ ಮನೆಯವರು ಅನ್ನುವುದನ್ನು ಕೇಳಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಅನ್ನಬೇಡಿ.

ವಾಚಿನ ಬದಲು ಎರಡು ವಾರ ನಿದ್ದೆ ದಿನಚರಿ ಬರೆಯಿರಿ. ಎಷ್ಟಕ್ಕೆ ಮಲಗಿದ್ದು, ಸುಮಾರು ಎಷ್ಟಕ್ಕೆ ನಿದ್ದೆ ಹತ್ತಿದ್ದು, ಎಷ್ಟು ಸಲ ಎಚ್ಚರ, ಎಷ್ಟಕ್ಕೆ ಎದ್ದಿದ್ದು. ಬೆಳಗ್ಗೆ ಎದ್ದ ಮೇಲೆ ಅಂದಾಜಿನಿಂದ ಬರೆದರೆ ಸಾಕು, ರಾತ್ರಿ ಗಡಿಯಾರ ನೋಡಬೇಡಿ, ನೋಡಿದಷ್ಟೂ ನಿದ್ದೆ ದೂರ ಹೋಗುತ್ತದೆ. ಅಕ್ಕ ಹತ್ತರಿಂದ ಆರರವರೆಗೆ 8 ಗಂಟೆ ಹಾಸಿಗೆಯಲ್ಲಿದ್ದು 5 ಗಂಟೆ ನಿದ್ದೆ ಮಾಡುತ್ತಿದ್ದಳು. 5 ಭಾಗಿಸು 8, ಗುಣಿಸು 100, ಅಂದರೆ ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯ ಪಾಲು ಶೇಕಡಾ 62.5. ಸಾಮಾನ್ಯವಾಗಿ ಇದು 85ರ ಮೇಲಿರಬೇಕು.

ಎರಡು ಅಂಕ ಪಕ್ಕಪಕ್ಕ ಇಟ್ಟಾಗ

ಸುಸ್ತು ಜಾಸ್ತಿ, ತೂಕಡಿಕೆ ಕಡಿಮೆ. ಇದು ನಿದ್ದೆ ಬಾರದವರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಜೋಡಿ, ಅಕ್ಕನದೂ ಇದೇ. ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಾದರೂ ಹೀಗೇ ನಡೆದಿದ್ದರೆ ದೀರ್ಘಕಾಲದ ಇನ್ಸೋಮ್ನಿಯಾ ಅಂತ ಕರೆಯುತ್ತಾರೆ. ಆದರೆ ಸುಸ್ತಿಗೆ ಬೇರೆ ಕಾರಣಗಳೂ ಇರುತ್ತವೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸದೆ ಎಲ್ಲವನ್ನೂ ನಿದ್ದೆಯ ತಲೆಗೆ ಕಟ್ಟಬೇಡಿ. ಬೆಳಗಿನ ಜಾವ ಎಚ್ಚರವಾಗುವುದರ ಜೊತೆಗೆ ಯಾವುದರಲ್ಲೂ ಆಸೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ ಖಿನ್ನತೆಯನ್ನು ಮೊದಲು ನೋಡಬೇಕು. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎರಡೂ ಜಾಸ್ತಿ ಬಂದರೆ ಒಳಗೆ ಇನ್ನೊಂದು ದೋಷ ಸೇರಿಕೊಂಡಿದೆಯಾ ಅಂತ ನೋಡಿ. ನಿದ್ದೆ ಬಾರದವರು ಹಗಲು ನಿಜವಾಗಿಯೂ ತೂಕಡಿಸಿ ಬೀಳುತ್ತಿದ್ದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ರೋಗ, ಮೊದಲ ಅನುಮಾನ. ಅದರ ಗುರುತುಗಳು: ಗೊರಕೆ, ನಡುವೆ ಉಸಿರು ನಿಂತು ದಡಕ್ಕನೆ ಏಳುವುದು, ಬೆಳಗ್ಗೆ ತಲೆನೋವು, ಬಿಪಿ. ಮುಟ್ಟು ನಿಂತ ಹೆಂಗಸರಲ್ಲಿ ಇದು ಗೊರಕೆಗಿಂತ ಹೆಚ್ಚಾಗಿ ಸುಸ್ತು, ನಿದ್ದೆ ಬಾರದಿರುವುದು ಅಂತಲೇ ತೋರಬಹುದು, ಹಾಗಾಗಿ ಅವರಲ್ಲಿ ತಪ್ಪಿಹೋಗುವುದು ಜಾಸ್ತಿ. ಇನ್ನು ಮಾತ್ರೆಗಳು. ನೆಗಡಿ, ಅಲರ್ಜಿಗೆ ತಿನ್ನುವ ಸೆಟ್ರಿಜಿನ್ ಥರದವು ಮಂಪರು ತರುತ್ತವೆ. ರಾತ್ರಿ ತಗೊಂಡ ನಿದ್ದೆ ಮಾತ್ರೆಯ ಅಮಲು ಬೆಳಗ್ಗೆಯೂ ಉಳಿದಿರಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಪಟ್ಟಿ ಮಾಡಿ ಡಾಕ್ಟರಿಗೆ ತೋರಿಸಿ. ರಾತ್ರಿ ಕಾಲು ಜುಮ್ಮೆಂದು ಆಡಿಸುತ್ತಲೇ ಇರಬೇಕು ಅನ್ನಿಸಿದರೆ ಮೈಯಲ್ಲಿ ಕಬ್ಬಿಣದಂಶ ಎಷ್ಟು ಉಳಿದಿದೆ ಅಂತ ತೋರಿಸುವ ಫೆರಿಟಿನ್ ಕೂಡ ನೋಡಿಸಿ.

ಸುಸ್ತು ಅಷ್ಟಿಲ್ಲ, ತೂಕಡಿಕೆ ಜಾಸ್ತಿ. ಭಾವನ ಜೋಡಿ. ರಾತ್ರಿಯ ನಿದ್ದೆ ಪರೀಕ್ಷೆ ಮಾಡಿಸಿದಾಗ ಗಂಟೆಗೆ 30ಕ್ಕಿಂತ ಜಾಸ್ತಿ ಸಲ ಉಸಿರಿಗೆ ಅಡ್ಡಿಯಾಗುತ್ತಿತ್ತು. ಅದು ತೀವ್ರ ಅನ್ನುವ ಮಟ್ಟ. ಈಗ ಮುಖಕ್ಕೆ ಗಾಳಿಯ ಮಾಸ್ಕ್ ಹಾಕಿ ಮಲಗುತ್ತಾರೆ. ಒಂದು ಮಾತು ನೆನಪಿಡಿ: ಎಪ್‌ವರ್ತ್ ಅಂಕ ಕಡಿಮೆ ಬಂದ ಮಾತ್ರಕ್ಕೆ ಆಪ್ನಿಯಾ ಇಲ್ಲ ಅಂತ ಅಲ್ಲ. ಉಸಿರು ನಿಲ್ಲುವುದನ್ನು ಕಂಡಿದ್ದರೆ ಅಂಕ ಎಷ್ಟೇ ಇರಲಿ ಹೋಗಿ.

ಎರಡೂ ಕಡಿಮೆ, ಹಗಲು ಏನೂ ತೊಂದರೆಯಿಲ್ಲ, ಆದರೆ ರಾತ್ರಿ ಆರೇ ಗಂಟೆ ನಿದ್ದೆ. ಬಹುಶಃ ನಿಮಗೆ ಬೇಕಾದ್ದೇ ಅಷ್ಟು.

ತಡ ಮಾಡಬಾರದ್ದು

ಗಾಡಿ ಓಡಿಸುವಾಗ ಒಂದು ಸಲ ಕಣ್ಣು ಮುಚ್ಚಿ ತೆರೆದಿದ್ದರೂ ಅಂದಿನಿಂದಲೇ ಓಡಿಸುವುದು ನಿಲ್ಲಿಸಿ ಡಾಕ್ಟರನ್ನು ನೋಡಿ. ನಕ್ಕಾಗ ಅಥವಾ ಸಿಟ್ಟು ಬಂದಾಗ ಮಂಡಿ ಸಡಿಲವಾಗಿ ಕುಸಿಯುವಂತಾದರೂ ಹಾಗೇ, ಅದು ಹಗಲು ತಡೆಯಲಾಗದಂತೆ ನಿದ್ದೆ ಬಂದುಬಿಡುವ ನಾರ್ಕೊಲೆಪ್ಸಿ ರೋಗದ ಗುರುತಿರಬಹುದು.

ಚಿಕಿತ್ಸೆ ಶುರುವಾದ ಮೇಲೂ ಅಳೆಯಿರಿ

ಇನ್ಸೋಮ್ನಿಯಾಕ್ಕೆ ಮೊದಲು ಸೂಚಿಸುವ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ ಅನ್ನುವ ಅಭ್ಯಾಸ ಚಿಕಿತ್ಸೆ. ಅದರಲ್ಲಿ ಹಾಸಿಗೆಯಲ್ಲಿರುವ ಹೊತ್ತನ್ನು ನಿಜವಾಗಿ ನಿದ್ದೆ ಮಾಡುವಷ್ಟಕ್ಕೇ ಇಳಿಸುತ್ತಾರೆ, ಸಾಮಾನ್ಯವಾಗಿ ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ಮೊದಲ ಕೆಲವು ವಾರ ತೂಕಡಿಕೆ ಏರುತ್ತದೆ. ಏರಬೇಕಾದ್ದೇ, ಕಾವಲು ಸಡಿಲವಾಗಿ ನಿದ್ದೆಯ ಒತ್ತಡ ಮೇಲೆ ಬರುತ್ತಿದೆ ಅಂತ ಅರ್ಥ. ಗೊತ್ತಿಲ್ಲದವರು ಚಿಕಿತ್ಸೆ ಕೆಟ್ಟಿತು ಅಂದುಕೊಂಡು ಬಿಟ್ಟುಬಿಡುತ್ತಾರೆ.

ಅಕ್ಕ ರಾತ್ರಿ ಹನ್ನೆರಡೂವರೆಗೆ ಮಲಗಿ ಆರಕ್ಕೆ ಏಳಲು ಶುರು ಮಾಡಿದ ಎರಡನೇ ವಾರ ಎಪ್‌ವರ್ತ್ 4ರಿಂದ 11ಕ್ಕೆ ಹೋಯಿತು. ಸ್ಕೂಟರ್ ಕೀಲಿಯನ್ನು ನಾನೇ ಇಟ್ಟುಕೊಂಡೆ. ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಎರಡೂ ಹಾಳೆ ತುಂಬಿಸಿದೆ. ಐದನೇ ವಾರಕ್ಕೆ ತೂಕಡಿಕೆ 7ಕ್ಕೆ ಇಳಿಯಿತು. ಸುಸ್ತು ನಿಧಾನ ಇಳಿಯಿತು, 5.4 ಇದ್ದದ್ದು 4.6 ಆಗಲು ಎಂಟು ವಾರ ಹಿಡಿಯಿತು. ಆ ಎಂಟನೇ ವಾರದ ಒಂದು ಮಧ್ಯಾಹ್ನ ಫೋನ್ ಮಾಡಿ "ಲೇ, ಪೇಪರ್ ಓದ್ತಾ ಓದ್ತಾ ಹಾಗೇ ಜೋಂಪು ಹತ್ತಿಬಿಡ್ತು ಕಣೇ, ಇದಕ್ಕೆ ಎಷ್ಟು ಹಾಕಲಿ, ಎರಡಾ?" ಅಂತ ಕೇಳಿದಳು. ಎರಡು ಹಾಕು ಅಂದೆ.